ಸಾಕ್ರಟೀಸ್ ಸೋತದ್ದು ಬರೀ 22 ಓಟಿಗೆ!

ದುಡ್ಡಿಗಾಗಿ ಕ್ಲಬ್ ಬಿಟ್ಟ ಫುಟ್ಬಾಲ್ ಆಟಗಾರರನ್ನ ನೋಡಿದ್ದೀವಿ. ಕೋಚ್ ಜೊತೆ ಜಗಳ ಆಡ್ಕೊಂಡು ಹೋದವರನ್ನೂ ನೋಡಿದ್ದೀವಿ. ಆದರೆ ಸಂಸತ್ತಿನಲ್ಲಿ ಒಂದು ಮಸೂದೆ ಬಿದ್ದುಹೋಯಿತು ಅನ್ನೋ ಕಾರಣಕ್ಕೆ ದೇಶ ಬಿಟ್ಟು ಹೋದವನನ್ನ ಕಂಡಿದ್ದೀರಾ?

ಒಬ್ಬನಿದ್ದ. ಹೆಸರು ಸಾಕ್ರಟೀಸ್. ಅಡ್ಡಹೆಸರಲ್ಲ, ಅಪ್ಪ ಇಟ್ಟ ಹೆಸರೇ ಅದು. ಗ್ರೀಕ್ ತತ್ವಜ್ಞಾನಿಗಳನ್ನ ಓದಿ ಮರುಳಾಗಿದ್ದ ಅಪ್ಪ, ಇನ್ನೊಬ್ಬ ಮಗನಿಗೆ ಸೊಫೊಕ್ಲಿಸ್ ಅಂತ ಹೆಸರಿಟ್ಟ ಪುಣ್ಯಾತ್ಮ. 1964ರಲ್ಲಿ ಬ್ರೆಜಿಲ್‌ನ ಸೇನೆ ಅಧಿಕಾರ ಕಿತ್ತುಕೊಂಡಾಗ ಹುಡುಗನಿಗೆ ಹತ್ತು ವರ್ಷ. ಆ ದಿನಗಳಲ್ಲಿ ಅಪ್ಪ ತನ್ನ ಪುಸ್ತಕಗಳನ್ನ ತಾನೇ ಸುಟ್ಟುಹಾಕಿದ್ದನ್ನ ಆತ ಕಣ್ಣಾರೆ ಕಂಡ. ಮನೆಯಲ್ಲಿ ಆ ಪುಸ್ತಕ ಸಿಕ್ಕರೆ ಜೈಲು, ಅಂಥ ಕಾಲ. ರಾಜಕೀಯ ಅಂದ್ರೇನು ಅನ್ನೋದು ಆವತ್ತು ಅರ್ಥವಾಯಿತು ಅಂತ ಮುಂದೆ ಹೇಳಿಕೊಂಡಿದ್ದಾನೆ.

ಆಟಗಾರನಾಗಿ ಆತ ವಿಚಿತ್ರ. ಆರಡಿ ಮೀರಿದ ಸಣಕಲು ದೇಹ, ಗಡ್ಡ, ಕೈಯಲ್ಲಿ ಸಿಗರೇಟು. ಓಟದಲ್ಲಿ ವೇಗ ಕಮ್ಮಿ. ಆದರೆ ಹಿಮ್ಮಡಿಯಿಂದ ಕೊಡ್ತಿದ್ದ ಪಾಸ್ ಇದೆಯಲ್ಲ, ಎದುರಾಳಿ ತಿರುಗಿ ನೋಡುವಷ್ಟರಲ್ಲಿ ಚೆಂಡು ಬೇರೆ ಕಡೆ ಇರ್ತಿತ್ತು. ಮೆಡಿಕಲ್ ಓದಿಕೊಂಡೇ ಆಡಿದ. ಡಾಕ್ಟರ್ ಆದ ಮೇಲೆ, 1978ರಲ್ಲಿ ಸಾವೊ ಪಾಲೊದ ಕೊರಿಂಥಿಯನ್ಸ್ ಕ್ಲಬ್ ಸೇರಿದ.

ನಿಜವಾದ ಕಥೆ ಇಲ್ಲಿಂದ ಶುರು.

ಆ ಕಾಲದಲ್ಲಿ ಬ್ರೆಜಿಲ್‌ನ ಆಟಗಾರನಿಗೆ ಬಾಯಿ ಇರಲಿಲ್ಲ. ಪಂದ್ಯದ ಹಿಂದಿನ ದಿನ ಹೋಟೆಲ್‌ನಲ್ಲಿ ಕೂಡಿಹಾಕ್ತಿದ್ರು, ಮದುವೆಯಾಗಿ ಮಕ್ಕಳಿದ್ದವರನ್ನೂ! 1982ರ ಹೊತ್ತಿಗೆ ಅದಿಲ್ಸನ್ ಮೊಂತೇರೊ ಆಲ್ವೆಸ್ ಅನ್ನೋ ಸಮಾಜಶಾಸ್ತ್ರಜ್ಞ ಕ್ಲಬ್‌ನ ಫುಟ್ಬಾಲ್ ನಿರ್ದೇಶಕನಾಗಿ ಬಂದ. ಆತ ಆಟಗಾರರನ್ನೇ ಕೇಳಿದ: ನಿಮಗೇನು ಬೇಕು ಹೇಳಿ. ಸಾಕ್ರಟೀಸ್, ವ್ಲಾದಿಮೀರ್, ಕಾಸಗ್ರಾಂದೆ ಮುಂದೆ ನಿಂತರು. ಆಮೇಲೆ ಎಲ್ಲದಕ್ಕೂ ಓಟು. ಪ್ರಾಕ್ಟೀಸ್ ಎಷ್ಟೊತ್ತಿಗೆ? ಓಟು. ಹೊಸ ಆಟಗಾರ ಬೇಕಾ? ಓಟು. ಬಸ್ ದಾರಿಯಲ್ಲಿ ನಿಲ್ಲಿಸಬೇಕಾ? ಅದಕ್ಕೂ ಓಟು ಸ್ವಾಮಿ! ಸ್ಟಾರ್ ಆಟಗಾರನದ್ದೂ ಒಂದೇ ಓಟು, ಮಸಾಜ್ ಮಾಡೋನದ್ದೂ ಒಂದೇ ಓಟು. ಎಲ್ಲರಿಗೂ ಇದು ರುಚಿಸಲಿಲ್ಲ. ಗೋಲ್‌ಕೀಪರ್ ಲಿಯಾವ್ ಕಡೆಯವರೆಗೂ ಗೊಣಗಿದ. ಆದರೆ 1982 ಮತ್ತು 1983, ಎರಡೂ ವರ್ಷ ರಾಜ್ಯ ಚಾಂಪಿಯನ್‌ಶಿಪ್ ಗೆದ್ದವರು ಇವರೇ.

ನೆನಪಿಡಿ, ದೇಶದಲ್ಲಿ ಅಧ್ಯಕ್ಷನನ್ನ ಆರಿಸೋ ಓಟು ಜನರಿಗೆ ಇರಲಿಲ್ಲ. 1982ರ ನವೆಂಬರ್ 15ಕ್ಕೆ ರಾಜ್ಯಪಾಲರ ಚುನಾವಣೆ ಬಂತು. ಇವರು ಜೆರ್ಸಿ ಬೆನ್ನ ಮೇಲೆ 15ರಂದು ಓಟು ಹಾಕಿ ಅಂತ ಬರೆಸಿಕೊಂಡು ಮೈದಾನಕ್ಕಿಳಿದರು. ಯಾವ ಪಕ್ಷದ ಹೆಸರೂ ಇಲ್ಲ. ಯಾರನ್ನ ಹಿಡೀತೀರಿ, ಯಾಕೆ ಹಿಡೀತೀರಿ?

1984ರಲ್ಲಿ ಅಧ್ಯಕ್ಷರ ನೇರ ಚುನಾವಣೆಗಾಗಿ ಜನ ಬೀದಿಗೆ ಬಂದರು. ಜನವರಿಯ ದೊಡ್ಡ ಸಭೆಯನ್ನ ಆ ದೇಶದ ಅತಿ ದೊಡ್ಡ ಟಿವಿ ಚಾನೆಲ್, ನಗರದ ಹುಟ್ಟುಹಬ್ಬದ ಕಾರ್ಯಕ್ರಮ ಅನ್ನೋ ಹಾಗೆ ಪರಿಚಯಿಸಿತು! ಟಿವಿಯಲ್ಲಿ ಕೂತು ಸುದ್ದಿ ಹೇಳೋ ನನ್ನಂಥವರು ಈ ಸಾಲನ್ನ ಎರಡು ಸಲ ಓದಬೇಕು. ಏಪ್ರಿಲ್ 16ರ ಸಾವೊ ಪಾಲೊ ಸಭೆಗೆ ಹತ್ತು ಲಕ್ಷ ಮೀರಿ ಜನ ಅನ್ನೋದು ಆಗಿನ ಲೆಕ್ಕ. ಇಟಲಿಯ ಕ್ಲಬ್ ದೊಡ್ಡ ಮೊತ್ತ ಹಿಡಿದು ಕಾಯ್ತಿತ್ತು. ಸಾಕ್ರಟೀಸ್ ಆ ಜನರ ಮುಂದೆ ಮಾತು ಕೊಟ್ಟ: ತಿದ್ದುಪಡಿ ಪಾಸಾದರೆ ನಾನು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ.

ಏಪ್ರಿಲ್ 25ಕ್ಕೆ ಮತದಾನ. ರಾಜಧಾನಿಯಲ್ಲಿ ತುರ್ತು ಕ್ರಮ, ಪ್ರಸಾರದ ಮೇಲೆ ಸೆನ್ಸಾರ್. ಮೂರನೇ ಎರಡರಷ್ಟು, ಅಂದ್ರೆ 320 ಓಟು ಬೇಕಿತ್ತು. ಬಂದದ್ದು 298. ವಿರೋಧವಾಗಿ ಎಷ್ಟು ಗೊತ್ತಾ? ಬರೀ 65. ನೂರಕ್ಕೂ ಹೆಚ್ಚು ಸದಸ್ಯರು ಸದನಕ್ಕೇ ಬರಲಿಲ್ಲ. ಎದುರಿಗೆ ನಿಂತು ಬೇಡ ಅಂದವರಿಗಿಂತ ಮನೆಯಲ್ಲಿ ಕೂತವರೇ ಜಾಸ್ತಿ.

ಸಾಕ್ರಟೀಸ್ ಮಾತಿಗೆ ತಪ್ಪಲಿಲ್ಲ. ಫ್ಲಾರೆನ್ಸ್‌ನ ಫಿಯೊರೆಂಟಿನಾಗೆ ಹೋದ. ಅಲ್ಲಿ ಮನಸ್ಸು ನಿಲ್ಲಲಿಲ್ಲ, ಒಂದೇ ಸೀಸನ್‌ಗೆ ವಾಪಸ್. ಆತ ಹೊರಗಿದ್ದಾಗಲೇ, 1985ರ ಮಾರ್ಚ್‌ನಲ್ಲಿ, ಸೇನಾ ಆಡಳಿತ ಮುಗಿದಿತ್ತು. ಆದರೆ ಜನ ನೇರವಾಗಿ ಅಧ್ಯಕ್ಷನನ್ನ ಆರಿಸೋಕೆ 1989ರವರೆಗೆ ಕಾಯಬೇಕಾಯಿತು.

ವರ್ಲ್ಡ್ ಕಪ್ ಆತನಿಗೆ ದಕ್ಕಲೇ ಇಲ್ಲ. 1982ರಲ್ಲಿ ಆತನ ನಾಯಕತ್ವದ ತಂಡ, ನನ್ನ ಪ್ರಕಾರ ಕಪ್ ಗೆಲ್ಲದ ತಂಡಗಳಲ್ಲೇ ಅತಿ ಸುಂದರ ತಂಡ, ಇಟಲಿಗೆ 3-2ರಿಂದ ಸೋತಿತು. 1986ರಲ್ಲಿ ಫ್ರಾನ್ಸ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಆತನೇ ತಪ್ಪಿಸಿದ. ಡಾಕ್ಟರ್ ಆದರೂ ಕುಡಿತ ಬಿಡಲಿಲ್ಲ. ದೇಹ ಸೋತಿತು.

2011ರ ಡಿಸೆಂಬರ್ 4, ಭಾನುವಾರ ಬೆಳಗಿನ ಜಾವ ತೀರಿಕೊಂಡ. 57 ವರ್ಷ. ಅದೇ ದಿನ ಮಧ್ಯಾಹ್ನ ಕೊರಿಂಥಿಯನ್ಸ್‌ಗೆ ಪಾಲ್ಮೇರಾಸ್ ವಿರುದ್ಧ ಲೀಗ್‌ನ ಕೊನೆ ಪಂದ್ಯ. ಗೋಲು ಹೊಡೆದಾಗ ಕುಣಿಯದೆ, ಬಲಗೈ ಮುಷ್ಟಿ ಮೇಲೆತ್ತಿ ಸುಮ್ಮನೆ ನಿಲ್ಲೋದು ಸಾಕ್ರಟೀಸನ ರೀತಿ. ಆಟ ಶುರುವಾಗೋ ಮುಂಚೆ ಕೊರಿಂಥಿಯನ್ಸ್ ಆಟಗಾರರು ಮೈದಾನದ ನಡುವೆ ನಿಂತು ಮುಷ್ಟಿ ಎತ್ತಿದರು. ಗ್ಯಾಲರಿಯೂ ಎತ್ತಿತು. ಪಂದ್ಯ 0-0 ಡ್ರಾ ಆಯಿತು. ಚಾಂಪಿಯನ್ ಆಗೋಕೆ ಅಷ್ಟು ಸಾಕಿತ್ತು.