ಸೂಜಿ ಮನುಷ್ಯನಿಗೋ, ನಾಯಿಗೋ

ಯಲ್ಲಾಲಿಂಗ ಮಠದಿಂದ ಹೆಸರಾದ ಮುಗಳಖೋಡದಲ್ಲಿ ನಾಯಿಗಳಿಗೆಂದು ಬೇಲಿ ಹಾಕಿದ ಉದ್ಯಾನವಿಲ್ಲ. ತೋಟದ ಮನೆಯ ನಾಯಿಗೆ ಒಬ್ಬ ಯಜಮಾನನಿರುತ್ತಾನೆ, ಒಂದು ಹೆಸರಿರುತ್ತದೆ, ಸಂಜೆಗೊಂದು ರೊಟ್ಟಿ ಖಾತ್ರಿ. ಬಸ್ ಸ್ಟ್ಯಾಂಡಿನ ನಾಯಿಗೆ ರೊಟ್ಟಿ ಹಾಕುವವರು ಹತ್ತು ಮಂದಿ. ಅದು ಯಾರನ್ನಾದರೂ ಕಚ್ಚಿದರೆ ‘ನಂದಲ್ಲ’ ಎನ್ನುವವರೂ ಅದೇ ಹತ್ತು ಮಂದಿ. ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಯಾವ ಊರಿಗೆ ಹೋದರೂ ಕತೆ ಇದೇ. ನಾಯಿ ಕುರಿತು ಇಲ್ಲಿಯವರೆಗೆ ಬಂದ ಕಟ್ಟಳೆಗಳೆಲ್ಲ ಸುತ್ತಿ ಸುತ್ತಿ ಬರುವುದು ಒಂದೇ ಪ್ರಶ್ನೆಗೆ: ಈ ನಾಯಿಗೆ ಹೊಣೆ ಯಾರು?

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಕಲ್ಲಿನ ಮೇಲೆ ಉತ್ತರ ಬರೆಸಿದವರಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಮಣಲೇರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟಳೆಯನ್ನೂ ಕೆತ್ತಿಸಿದ. ನಾಯಿ ಸತ್ತ ಮೇಲೂ ಯಜಮಾನನ ಹೊಣೆ ಮುಗಿದಿರಲಿಲ್ಲ. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮುಗಳಖೋಡದ ಸೀಮೆಯಲ್ಲಿ ನಾಯಿಗೆ ದೇವರ ನಂಟೂ ಉಂಟು. ಕಾಗವಾಡ ತಾಲ್ಲೂಕಿನ ಮಂಗಸೂಳಿಯ ಮಲ್ಲಯ್ಯನನ್ನು ಮರಾಠಿಗರು ಖಂಡೋಬಾ ಎನ್ನುತ್ತಾರೆ, ದಕ್ಷಿಣಕ್ಕೆ ಹೋದಂತೆ ಅವನೇ ಮೈಲಾರಲಿಂಗ. ನಾಯಿ ಆ ದೇವರ ಸಂಗಾತಿ. ಆ ಪಂಥದ ಗೊರವರು ಮೈಲಾರ, ದೇವರಗುಡ್ಡಗಳ ದೋಣಿ ಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ, ಮರದ ದೋಣಿಗೆ ಬಾಯಿ ಹಚ್ಚಿ ಪ್ರಸಾದ ಉಣ್ಣುತ್ತಾರೆ.

ನೆರೆಯ ಮುಧೋಳ ಸಂಸ್ಥಾನದ ಮಾತು ಬೇರೆ. ಬೇಡರೂ ಕುರುಬರೂ ಸಾಕಿಕೊಂಡು ಬಂದ ತೆಳುಮೈಯ ಬೇಟೆನಾಯಿಯನ್ನು ಅರಮನೆಗೆ ತಂದು ತಳಿಯಾಗಿ ಬೆಳೆಸಿದವರು ರಾಜಾ ಮಾಲೋಜಿರಾವ್ ಘೋರ್ಪಡೆ. ಅವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಮರಿಗಳ ಜೋಡಿಯನ್ನು ಕಾಣಿಕೆ ಕೊಟ್ಟ ಕತೆ ಊರೂರಿಗೆ ಗೊತ್ತು. ಅದು 1937ರಲ್ಲಿ ನಡೆಯಿತೆಂದು ಅನೇಕರು ಬರೆದಿದ್ದಾರೆ. ಆದರೆ ಐದನೇ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡಿದ್ದರಿಂದ ಆ ಇಸವಿ ನಂಬುವಂತಿಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅರಮನೆಯ ನಾಯಿಗೆ ವಂಶಾವಳಿ ಸಿಕ್ಕಿತು. ಬೀದಿಯ ನಾಯಿಗೆ ಸಿಕ್ಕದ್ದು ಬಡಿಗೆ.

ಕಂಪನಿ ಸರ್ಕಾರದ ಕಾಲದ ಮುಂಬಯಿಯಲ್ಲಿ ಬೇಸಿಗೆ ಬಂತೆಂದರೆ ಪೊಲೀಸರು ಬೀದಿನಾಯಿ ಕೊಲ್ಲುತ್ತಿದ್ದರು, ಹೆಣದ ಲೆಕ್ಕಕ್ಕೆ ಇನಾಮು. ಇನಾಮಿನ ಆಸೆಗೆ ಮನೆಯಂಗಳದ ನಾಯಿಯನ್ನೂ ಎಳೆದೊಯ್ದಾಗ, ನಾಯಿಯನ್ನು ಪವಿತ್ರವೆಂದು ನಂಬಿದ ಪಾರ್ಸಿಗಳು 1832ರ ಜೂನ್ 6ರಂದು ದಂಗೆ ಎದ್ದರು. ಪೇಟೆ ಮುಚ್ಚಿತು, ಪಡೆ ಕರೆಸಬೇಕಾಯಿತು. ಆದರೂ ಹುಚ್ಚನಾಯಿ ಎಂದರೆ ಹೊಡೆದು ಹಾಕುವುದೇ ಮದ್ದು ಎಂಬ ಬುದ್ಧಿ ಮುಂದಿನ ನೂರೈವತ್ತು ವರ್ಷ ಅಲುಗಲಿಲ್ಲ.

ಅಲುಗಿದ್ದು ಮನುಷ್ಯನ ಕಡೆಯ ವೈದ್ಯ. 1885ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ರೇಬಿಸ್ ಲಸಿಕೆ ಕೊಟ್ಟು ಉಳಿಸಿದ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದವು. ನಾಯಿ ಕಚ್ಚಿಸಿಕೊಂಡವರು ಅಷ್ಟು ದೂರ ಹೋಗಬೇಕಿತ್ತು. ಹೋಗಲಾರದ ಹಳ್ಳಿಯವರಿಗೆ ನಾಟಿ ಮದ್ದು, ಮಂತ್ರ, ತಾಯತ. ಬೆಳಗಾವಿಯಲ್ಲೂ ಲಸಿಕೆ ತಯಾರಾಗುತ್ತಿತ್ತು, ವ್ಯಾಕ್ಸಿನ್ ಡಿಪೋ ಮೈದಾನ ಇಂದಿಗೂ ಆ ಹೆಸರನ್ನು ಹೊತ್ತಿದೆ. ಆದರೆ ಆ ಡಿಪೋ ಹೆಸರಾದದ್ದು ದೇವಿ ಬೇನೆಯ ಲಸಿಕೆಗೆ.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ದಾರಿ ಹತ್ತಿರ ಮಾಡಿದ. ರೇಬಿಸ್ ಹತ್ತಿಸಿದ ಕುರಿಯ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಲ್ಲಿ ವೈರಾಣು ಕೊಂದು ಮಾಡಿದ ಲಸಿಕೆ ಅದು. ಬಾಟಲಿಯಲ್ಲಿ ತುಂಬಿ ಊರಿಂದೂರಿಗೆ ಕಳಿಸಬಹುದಾದ್ದರಿಂದ ಜಿಲ್ಲೆಯ ಆಸ್ಪತ್ರೆಗಳಲ್ಲೇ ಸೂಜಿ ಸಿಗತೊಡಗಿತು. ನಮ್ಮ ಹಿರಿಯರು ಇವತ್ತಿಗೂ ಹೇಳುವ ‘ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ’ ಇದೇ. ದಿನಕ್ಕೊಂದರಂತೆ ಹೊಟ್ಟೆಯ ಚರ್ಮದಡಿ ಚುಚ್ಚುತ್ತಿದ್ದರು. ನೋವು ಒಂದೆಡೆ, ಮಿದುಳಿನ ಅಂಶದಿಂದ ಕೆಲವರಿಗೆ ಲಕ್ವ ಹೊಡೆಯುವ ಭಯ ಇನ್ನೊಂದೆಡೆ. ಆ ಭಯಕ್ಕೇ ಎಷ್ಟೋ ಜನ ನಡುವೆ ಸೂಜಿ ಬಿಟ್ಟು ಮನೆಗೆ ಬಂದರು. ಬೇರೆ ದೇಶಗಳು ಕೋಶ ಕೃಷಿಯ ಸುರಕ್ಷಿತ ಲಸಿಕೆಗೆ ಹೊರಳಿದ ಮೇಲೂ ಭಾರತ ಕುರಿಯ ಮಿದುಳನ್ನೇ ನೆಚ್ಚಿಕೊಂಡಿತ್ತು. ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗಿನ ಸೂಜಿ ತೋಳಿಗೆ, ನಾಲ್ಕೈದು ಭೇಟಿಯಲ್ಲಿ ಮುಗಿಯುತ್ತದೆ. ಇಷ್ಟು ತಡ ಮಾಡಿದ್ದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ನೂರು ವರ್ಷ ಸೂಜಿ ಮನುಷ್ಯನಿಗೆ, ಗುಂಡು ನಾಯಿಗೆ. ಇದನ್ನು ತಿರುವಿ ಹಾಕಿದ್ದು 2001ರ ಪ್ರಾಣಿ ಜನನ ನಿಯಂತ್ರಣ (ನಾಯಿಗಳು) ನಿಯಮಗಳು: ಬೀದಿನಾಯಿಯನ್ನು ಕೊಲ್ಲಬಾರದು, ಹಿಡಿದು ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2023ರಲ್ಲಿ ಇವು ಹೊಸದಾಗಿ ಬಂದವು. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುವುದು. ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಗೋವಾ ಇದನ್ನು ಹಟಕ್ಕೆ ಬಿದ್ದು ಮಾಡಿತು. ಕರ್ನಾಟಕ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯ ಎಂದಿತು.

ಯಜಮಾನನಿರುವ ನಾಯಿಯ ಕಟ್ಟಳೆ ನಗರದಲ್ಲಿ ಬೇರೆಯೇ ರಂಪ ಎಬ್ಬಿಸಿತು. 2018ರಲ್ಲಿ ಬೆಂಗಳೂರು ಪಾಲಿಕೆ ಪರವಾನಗಿ ಕಡ್ಡಾಯ ಮಾಡಿ, ಫ್ಲ್ಯಾಟಿಗೆ ಒಂದೇ ನಾಯಿ ಎಂದು ಉಪವಿಧಿ ತಂದು, ಸಾಕುವವರ ಸಿಟ್ಟಿಗೆ ಹಿಂದೆ ಸರಿಯಿತು. ಅದೇ ವರ್ಷ ಹೈದರಾಬಾದಿನ ಕೊಂಡಾಪುರದಲ್ಲಿ ನಾಯಿಗಳಿಗೆಂದೇ ಉದ್ಯಾನ ತೆರೆಯಿತು. 2022ರಲ್ಲಿ ಕಬ್ಬನ್ ಪಾರ್ಕಿಗೆ ನಾಯಿ ತರುವುದನ್ನೇ ನಿಲ್ಲಿಸಲು ತೋಟಗಾರಿಕೆ ಇಲಾಖೆ ಹೊರಟು, ಅದೂ ಕೈಬಿಟ್ಟಿತು. ಪಾರ್ಕಿನಲ್ಲಿ ಜಗಳ ಇದ್ದದ್ದು ಬಿಚ್ಚಿದ ಹಗ್ಗಕ್ಕೆ, ಎತ್ತದೆ ಬಿಟ್ಟ ಹೊಲಸಿಗೆ. ಎರಡೂ ನಾಯಿಯ ತಪ್ಪಲ್ಲ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಬೀದಿನಾಯಿಗೆ ಅನ್ನ ಹಾಕಲು ಗೊತ್ತಾದ ಜಾಗ ಮಾಡಿರೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಹಿಡಿದು, ಲಸಿಕೆ ಹಾಕಿ ಆಶ್ರಯ ತಾಣಕ್ಕೆ ಸೇರಿಸಲು ಹೇಳಿತು. ಆಶ್ರಯ ತಾಣ ಕಟ್ಟುವ ಹೊಣೆ ಹೊರಬೇಕಾದವು ಮುಗಳಖೋಡದಂಥ ಸಣ್ಣ ಊರುಗಳ ಸ್ಥಳೀಯ ಸಂಸ್ಥೆಗಳೂ ಹೌದು.

ಅದಾಗುವವರೆಗೆ ತೋಟದ ನಾಯಿಯ ಯಜಮಾನರು ತಮ್ಮ ಪಾಲಿನದನ್ನು ಮಾಡಲಿ. ಮರಿಗೆ ಮೂರು ತಿಂಗಳು ತುಂಬಿದೊಡನೆ ದನದ ದವಾಖಾನಿಗೆ ಒಯ್ದು ರೇಬಿಸ್ ಸೂಜಿ ಮಾಡಿಸಿ, ವರ್ಷಕ್ಕೊಮ್ಮೆ ಮತ್ತೆ ಹಾಕಿಸಿ, ಚೀಟಿ ಜೋಪಾನ ಮಾಡಿ. ಸೆಪ್ಟೆಂಬರ್ 28ರ ರೇಬಿಸ್ ದಿನದ ಸುಮಾರಿಗೆ ಪಶು ಇಲಾಖೆಯ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಓಣಿಯಲ್ಲಿ ನೀವು ರೊಟ್ಟಿ ಹಾಕುವ ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ. ಯಾವ ನಾಯಿಯೇ ಕಚ್ಚಲಿ, ಗಾಯಕ್ಕೆ ಸುಣ್ಣ, ಖಾರ ಮೆತ್ತದೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿವ ನೀರಲ್ಲಿ ತೊಳೆದು, ಅಂದೇ ಸರ್ಕಾರಿ ದವಾಖಾನಿಗೆ ಹೋಗಿ.