ಪ್ರಯಾಣಿಕರ ವಿಮಾನದಲ್ಲಿ ಹೊರಟ ಸೇನೆ

1947ರ ಕಾಶ್ಮೀರದ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ಸೈನಿಕರ ಜೊತೆಗೆ ಖಾಸಗಿ ಕಂಪನಿಗಳ ವಿಮಾನ ಚಾಲಕರ ಕಥೆಯನ್ನೂ ಹೇಳುತ್ತೇನೆ.

ಆ ವರ್ಷ ಅಕ್ಟೋಬರ್ 22ರಂದು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. 26ರಂದು ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದರು. ಶ್ರೀನಗರಕ್ಕಿದ್ದ ಒಳ್ಳೆಯ ರಸ್ತೆ ರಾವಲ್ಪಿಂಡಿಯ ಕಡೆಯಿಂದ. ಆ ಊರು ಪಾಕಿಸ್ತಾನಕ್ಕೆ ಸೇರಿತ್ತು. ಬೇಗ ತಲುಪಲು ಉಳಿದದ್ದು ಆಕಾಶಮಾರ್ಗ ಒಂದೇ. ಆದರೆ ವಾಯುಪಡೆಯ ಸಾಗಣೆ ವಿಮಾನಗಳು ಸಾಲುತ್ತಿರಲಿಲ್ಲ. ಸರ್ಕಾರ ವಿಮಾನ ಕಂಪನಿಗಳ ಡಕೋಟಾಗಳನ್ನು ಪಡೆಯಿತು. ಪ್ರಯಾಣಿಕರ ಜಾಗದಲ್ಲಿ ಸೈನಿಕರು, ಬಂದೂಕು, ಗಂಟುಮೂಟೆ ತುಂಬಿದವು.

27ರ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರ ಸಿಖ್ ತುಕಡಿ ದೆಹಲಿಯಿಂದ ಹೊರಟಿತು. ಶ್ರೀನಗರದ ನಿಲ್ದಾಣ ಅಷ್ಟರಲ್ಲಿ ಯಾರ ಕೈಯಲ್ಲಿದೆ ಎಂಬ ಖಾತ್ರಿ ಇರಲಿಲ್ಲ. ಆದರೂ ಹೋಗಿ ಇಳಿದರು. ರಾಯ್ ವೀರಮರಣ ಹೊಂದಿದರು. ವಿಮಾನಗಳ ಓಡಾಟ ನಿಲ್ಲಲಿಲ್ಲ. ನವೆಂಬರ್ 7ರಂದು ಶಾಲಾಟೆಂಗ್ ಕಾಳಗದಲ್ಲಿ ದಾಳಿಕೋರರು ಸೋತು ಹಿಮ್ಮೆಟ್ಟಿದರು.

ಡಕೋಟಾ ಎರಡನೇ ಮಹಾಯುದ್ಧದ ಸಾಗಣೆ ವಿಮಾನ. ಯುದ್ಧಾನಂತರ ಇಂಥ ವಿಮಾನಗಳನ್ನು ಪ್ರಯಾಣಿಕರಿಗಾಗಿ ಸಜ್ಜುಗೊಳಿಸಿದವರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕೆಲಸಗಾರರೂ ಇದ್ದರು.

ದೇಶದ ಬಲ ಸೇನೆಯ ಉಗ್ರಾಣದಲ್ಲಷ್ಟೇ ಇರುವುದಿಲ್ಲ ಎಂಬುದೇ ಇದರ ಪಾಠ. ನಮ್ಮ ಶಾಲೆಯಲ್ಲಿ ಓದಿ ಸೈನ್ಯ ಸೇರಿದವರಿಗೆ ಈ ಸುವರ್ಣ ಮಹೋತ್ಸವದಲ್ಲಿ ಶಾಲು ಹೊದಿಸೋಣ. ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದವರನ್ನೂ, ಬಸ್ಸು ಓಡಿಸುವವರನ್ನೂ ಅದೇ ವೇದಿಕೆಗೆ ಕರೆಯೋಣ.