ಕೆಮ್ಮಿದರೆ ಮೂತ್ರ ಸೋರುವುದೇ? ಆಪರೇಷನ್ ಇಲ್ಲದೆ ನೆರವಾಗುವ ಪೆಸರಿ

ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಅಥವಾ ತುಂಬಿದ ಕೊಡ ಎತ್ತಿದಾಗ ತಡೆಯಲಾಗದೆ ಒಂದಿಷ್ಟು ಮೂತ್ರ ಸೋರುವ ತೊಂದರೆ ಅನೇಕ ಮಹಿಳೆಯರಿಗಿದೆ. ವೈದ್ಯರು ಇದನ್ನು ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಎನ್ನುತ್ತಾರೆ. ಇಲ್ಲಿ ಸ್ಟ್ರೆಸ್ ಎಂದರೆ ಮನಸ್ಸಿನ ಒತ್ತಡವಲ್ಲ, ಹೊಟ್ಟೆಯೊಳಗಿಂದ ಮೂತ್ರಕೋಶದ ಮೇಲೆ ಬೀಳುವ ಒತ್ತಡ. ಹೆರಿಗೆ, ಮುಟ್ಟು ನಿಲ್ಲುವುದು, ಬೊಜ್ಜು, ಹಳೆಯ ಕೆಮ್ಮು ಮುಂತಾದ ಕಾರಣಗಳಿಂದ ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲಗೊಂಡಾಗ ಹೀಗಾಗುತ್ತದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಬಿಡಬೇಕಾಗಿಲ್ಲ.

ಮೊದಲ ಚಿಕಿತ್ಸೆ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಕ್ರಮವಿದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು ಸಡಿಲಿಸಬೇಕು. ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು.

ಇದರ ಜೊತೆಗೆ ಅಥವಾ ಇದರ ಬದಲು ಬಳಸಬಹುದಾದ ಸಾಧನವೇ ಪೆಸರಿ. ಸಿಲಿಕೋನಿನ ಮೆದು ಬಳೆಯಂತಿದ್ದು, ಯೋನಿಯೊಳಗೆ ಇಟ್ಟುಕೊಳ್ಳುವಂಥದು. ಸೋರಿಕೆಗೆಂದೇ ಮಾಡಿದ ಬಳೆಯ ಒಂದು ಕಡೆ ಉಬ್ಬು ಇರುತ್ತದೆ. ಆ ಉಬ್ಬು ಮೂತ್ರನಾಳಕ್ಕೆ ಆಸರೆಯಾಗಿ ನಿಂತು, ಕೆಮ್ಮಿದಾಗ ಅದು ಕೆಳಕ್ಕೆ ಜಾರದಂತೆ ತಡೆಯುತ್ತದೆ. ಇದು ಮಕ್ಕಳಾಗದಂತೆ ಹಾಕುವ ವಂಕಿಯಲ್ಲ. ವಂಕಿ ಗರ್ಭಕೋಶದೊಳಗೆ ಇರುತ್ತದೆ. ಪೆಸರಿಯಿಂದ ಗರ್ಭ ತಡೆಯಲಾಗದು.

ಕೈಬಳೆಯಂತೆ ಇಲ್ಲೂ ಅಳತೆ ಮುಖ್ಯ. ವೈದ್ಯರು ಪರೀಕ್ಷಿಸಿ ಹಾಕಿದ ಮೇಲೆ ಅಲ್ಲೇ ನಡೆದು, ಕುಳಿತು, ಕೆಮ್ಮಿ, ಮೂತ್ರ ವಿಸರ್ಜಿಸಿ ನೋಡಬೇಕು. ನೋವಾದರೆ, ಜಾರಿದರೆ, ಮೂತ್ರ ಹೋಗದಿದ್ದರೆ ಅಳತೆ ಬದಲಿಸುತ್ತಾರೆ. ಮೊದಲ ಸಲವೇ ಸರಿಹೊಂದದಿದ್ದರೆ ಗಾಬರಿ ಬೇಡ. ತಾವೇ ತೆಗೆದು, ಸಾಬೂನು ನೀರಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುವುದನ್ನು ಕಲಿತವರು ಕೆಲಸದ ಹೊತ್ತಿಗಷ್ಟೇ ಹಾಕಿಕೊಂಡರೂ ಸಾಕು. ಕಲಿಯಲಾಗದವರು ವೈದ್ಯರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ, ತಪ್ಪದೆ ಹೋಗಬೇಕು. ಹಾಕಿಸಿಕೊಂಡು ಮರೆತುಬಿಡುವುದೇ ದೊಡ್ಡ ಅಪಾಯ: ಒಳಗೆ ಹುಣ್ಣಾಗಬಹುದು. ದುರ್ವಾಸನೆಯ ಸ್ರಾವ ಅಥವಾ ರಕ್ತ ಕಂಡರೆ ತಡಮಾಡಬಾರದು.

ಗುಣ ಎಷ್ಟು? ಅಮೆರಿಕದಲ್ಲಿ 446 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 3 ತಿಂಗಳ ಹೊತ್ತಿಗೆ ವ್ಯಾಯಾಮ ಕಲಿತವರ ಗುಂಪು ಮುಂದಿತ್ತು. ವರ್ಷದ ಹೊತ್ತಿಗೆ ಪೆಸರಿಯವರಿಗೂ ಅವರಿಗೂ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಪೆಸರಿ ಸಡಿಲಗೊಂಡ ಸ್ನಾಯುವನ್ನು ಸರಿಪಡಿಸುವುದಿಲ್ಲ, ಹಾಕಿಕೊಂಡಷ್ಟು ಹೊತ್ತು ಆಸರೆ ಕೊಡುತ್ತದೆ ಅಷ್ಟೇ.

ಅವಸರವಾಗಿ, ಬಚ್ಚಲು ತಲುಪುವ ಮೊದಲೇ ಸೋರುವುದು ಬೇರೆ ತೊಂದರೆ. ಹೆರಿಗೆಯ ನಂತರ ಹಗಲೂ ರಾತ್ರಿ ಬಿಡದೆ ಸೋರುತ್ತಿದ್ದರೆ ಅದಕ್ಕೆ ಪೆಸರಿ ಮದ್ದಲ್ಲ, ಕೂಡಲೇ ತಜ್ಞರಿಗೆ ತೋರಿಸಬೇಕು.

ಕಾಸರಗೋಡಾಗಲಿ, ಸೊಲ್ಲಾಪುರವಾಗಲಿ, ಸ್ತ್ರೀರೋಗ ತಜ್ಞರ ಬಳಿ ಹೆಸರು ಒಂದೇ. ಬರೀ ರಿಂಗ್ ಎಂದರೆ ಗರ್ಭಕೋಶ ಜಾರಿದ್ದಕ್ಕೆ ಹಾಕುವ ಬಳೆ ಎಂದುಕೊಂಡಾರು. ಇನ್‌ಕಾಂಟಿನೆನ್ಸ್ ಪೆಸರಿ ಎಂದೇ ಕೇಳಿ.